ಎರ್ಟಿಗಾಕ್ಕೆ ಹೆಚ್ಚುವರಿ ವಾರಂಟಿ: ಕೊಳ್ಳಬಹುದೇ?

ಎರ್ಟಿಗಾದ ಮೂಲ ವಾರಂಟಿಯನ್ನು ಮಾರುತಿ ಸುಜುಕಿಯು 2024ರ ಜುಲೈಯಲ್ಲಿ 3 ವರ್ಷ ಅಥವಾ 1 ಲಕ್ಷ ಕಿಲೋಮೀಟರಿಗೆ ಏರಿಸಿದೆ. ಹೆಚ್ಚು ಹಣ ತೆತ್ತರೆ ಅದು 6 ವರ್ಷ ಅಥವಾ 1.6 ಲಕ್ಷ ಕಿಲೋಮೀಟರಿನವರೆಗೂ ಸಿಗುತ್ತದೆ. ಬದಿಯಡ್ಕದಿಂದ ಮಂಗಳೂರಿನ ಆಸ್ಪತ್ರೆಗೆ, ಬಂಧುಗಳ ಮದುವೆ ಉಪನಯನಗಳಿಗೆ ಮನೆಮಂದಿಯನ್ನೆಲ್ಲ ಒಯ್ಯುವ ನಮ್ಮ ಗಾಡಿಯ ಓಟ ಕಡಿಮೆಯಾದ್ದರಿಂದ, ನಮಗೆ ಕಿಲೋಮೀಟರಿಗಿಂತ ವರ್ಷದ ಮಿತಿಯೇ ಮುಖ್ಯವಾಯಿತು.

ವಾರಂಟಿಯ ನಿಬಂಧನೆಗಳನ್ನು ಓದದೆ ಯಾರೂ ಸಹಿ ಹಾಕಬಾರದು. ತಯಾರಿಕೆಯ ದೋಷದಿಂದ ಕೆಟ್ಟ ಎಂಜಿನ್, ಗಿಯರ್‌ಬಾಕ್ಸ್‌ಗಳಿಗೆ ರಕ್ಷಣೆಯುಂಟು. ಸವೆದುಹೋಗುವ ಬ್ರೇಕ್ ಪ್ಯಾಡ್, ಕ್ಲಚ್ ಪ್ಲೇಟ್, ವೈಪರ್‌ಗಳಿಗಿಲ್ಲ. ನಮ್ಮ ಕರಾವಳಿಯವರು ವಿಶೇಷವಾಗಿ ಗಮನಿಸಬೇಕಾದುದೆಂದರೆ, ಕಡಲ ಉಪ್ಪುಗಾಳಿಯಿಂದ ಹಿಡಿದ ತುಕ್ಕಾಗಲಿ, ಆಟಿಯ ಮಳೆಗೆ ತುಂಬಿದ ರಸ್ತೆಯಲ್ಲಿ ನೀರು ನುಗ್ಗಿ ಹಾಳಾದ ಎಂಜಿನ್ ಆಗಲಿ ಇದರ ವ್ಯಾಪ್ತಿಗೆ ಬರುವುದಿಲ್ಲ. ನೀರಿನ ಹಾನಿಗೆ ವಿಮೆಯಲ್ಲಿಯೇ ಎಂಜಿನ್ ರಕ್ಷಣೆಯನ್ನು ಪ್ರತ್ಯೇಕವಾಗಿ ಸೇರಿಸಿಕೊಳ್ಳಬೇಕು, ಮತ್ತು ನನ್ನ ಮಟ್ಟಿಗೆ ಮೊದಲ ಹಣ ಸಲ್ಲಬೇಕಾದುದು ಅದಕ್ಕೇ.

ಗಾಡಿಯನ್ನು ಮೂರು ವರ್ಷದೊಳಗೆ ಮಾರುವವರಿಗೆ ಹೆಚ್ಚುವರಿ ವಾರಂಟಿ ಅನಗತ್ಯ. ಅದಕ್ಕಿಂತ ಹೆಚ್ಚು ಕಾಲ ಇಟ್ಟುಕೊಳ್ಳುವ ಕುಟುಂಬಗಳು ಕೊಳ್ಳುವುದು ಲೇಸೆಂದು ನಾನು ದೃಢವಾಗಿ ಹೇಳುತ್ತೇನೆ, ಏಕೆಂದರೆ ಇಂದಿನ ವಾಹನಗಳಲ್ಲಿ ಎಲೆಕ್ಟ್ರಾನಿಕ್ ಭಾಗವೊಂದು ಕೈಕೊಟ್ಟರೂ ರಿಪೇರಿಯ ಖರ್ಚು ಭಾರವಾಗುತ್ತದೆ. ಆದರೆ ಅಧಿಕೃತ ಕಾರ್ಯಾಗಾರದಲ್ಲಿ ಸಕಾಲಕ್ಕೆ ಸರ್ವಿಸ್ ಮಾಡಿಸಿ, ಪ್ರತಿಯೊಂದು ಬಿಲ್ಲನ್ನೂ ಜೋಪಾನವಾಗಿ ಇಟ್ಟುಕೊಳ್ಳಬೇಕು. ಹೊರಗಿನ ಅಂಗಡಿಯಲ್ಲಿ ವಯರಿಂಗ್ ಕತ್ತರಿಸಿ ಮ್ಯೂಸಿಕ್ ಸಿಸ್ಟಂ ಹಾಕಿಸಿದರೆ ವಾರಂಟಿಯ ಕೋರಿಕೆ ತಿರಸ್ಕೃತವಾಗಬಹುದು.