ಮೆನುವಲ್ಲಿ ‘ಎಪಿಎಸ್’ ಅಂತ ಕಂಡರೆ ಹುಷಾರು: ಮೂರು ಮಾಂಜಿಗೆ 4,340 ರೂಪಾಯಿ ಕೊಟ್ಟು ಬಂದಿದ್ದೇವೆ

ರಜೆಗೆ ಕರಾವಳಿ ಕಡೆ ಹೋಗುವವರು, ಅದರಲ್ಲೂ ಘಟ್ಟದ ಮೇಲಿನವರು, ದಯವಿಟ್ಟು ಇದನ್ನು ಪೂರ್ತಿ ಓದಿ. ಮೆನು ಕಾರ್ಡಿನಲ್ಲಿ ಮೀನಿನ ಹೆಸರಿನ ಮುಂದೆ ರೇಟ್ ಇಲ್ಲದೆ ‘ಎಪಿಎಸ್’ ಅಂತ ಇದ್ದರೆ, ಅಂದರೆ ಆಸ್ ಪರ್ ಸೈಜ್, ಸೈಜ್ ನೋಡಿಕೊಂಡು ರೇಟ್ ಅಂತ ಇದ್ದರೆ, ಅಲ್ಲೇ ನಿಲ್ಲಿ. ರೇಟ್ ಕೇಳಿದರೂ ಸಾಲದು. ನಾವು ಕೇಳಿದ್ದೆವು. ಕೇಳಿಯೂ ಮೋಸ ಹೋದೆವು. ಅದಕ್ಕೇ ಇಷ್ಟು ಸಿಟ್ಟು.

ನಾವು ಹಾಸನದವರು. ಡಿಸೆಂಬರ್ ರಜೆಗೆ ಶಿರಾಡಿ ಇಳಿದು ಹೋಗಿದ್ದು. ನಾನು, ಹೆಂಡತಿ, ಮಗಳು, ಜೊತೆಗೆ ತಂಗಿ, ಭಾವ, ಭಾವನ ಅಪ್ಪ ಅಮ್ಮ. ತಂಗಿಯ ಮದುವೆ ಆದಮೇಲೆ ಅವಳ ಅತ್ತೆ ಮಾವನ ಜೊತೆ ನಾವು ಮೊದಲ ಸಲ ಹೊರಗೆ ಹೋಗಿದ್ದು, ಕರೆದುಕೊಂಡು ಹೋಗಿದ್ದು ನಾನು, ಹಾಗಾಗಿ ಊಟದ ಖರ್ಚು ನನ್ನದೇ ಅಂತ ಮೊದಲೇ ಹೇಳಿದ್ದೆ. ಅವರು ಕೆರೆ ಮೀನು ತಿಂದು ಬೆಳೆದವರು. ಸಮುದ್ರದ ಮಾಂಜಿಯನ್ನು, ಪಾಂಫ್ರೆಟ್ ಅಂತಾರಲ್ಲ ಅದನ್ನು, ಅಲ್ಲೇ ಸಮುದ್ರದ ಪಕ್ಕ ಕೂತು ಬಿಸಿಬಿಸಿ ತಿನ್ನಬೇಕು ಅಂತ ತಂಗಿಯ ಮಾವನವರಿಗೆ ಬಹಳ ಆಸೆ ಇತ್ತು.

ಬೀಚ್ ಪಕ್ಕದ ಹೋಟೆಲ್. ಹೆಸರು ಹಾಕುತ್ತಿಲ್ಲ, ದೂರು ಕೊಟ್ಟಿದ್ದೇನೆ, ಅದರ ಪಾಡಿಗೆ ಅದು ನಡೆಯಲಿ. ಹೊರಗೆ ಕಾರು ಸಾಲಾಗಿ ನಿಂತಿದ್ದವು, ಒಳಗೆ ಜನ ತುಂಬಿತ್ತು. ಮೆನು ದಪ್ಪ ಪುಸ್ತಕದ ಹಾಗಿತ್ತು. ಕೋಳಿ, ಅನ್ನ, ನೀರ್ ದೋಸೆ ಎಲ್ಲದಕ್ಕೂ ರೇಟ್ ಇತ್ತು. ಮಾಂಜಿ, ಕಾಣೆ, ಏಡಿ, ದೊಡ್ಡ ಸಿಗಡಿ, ಇವಕ್ಕೆ ಮಾತ್ರ ರೇಟ್ ಇರಬೇಕಾದ ಜಾಗದಲ್ಲಿ ಎಪಿಎಸ್. ಕರಾವಳಿಯಲ್ಲಿ ಇದು ಹೊಸದಲ್ಲ, ದಿನದಿನಕ್ಕೆ ಮೀನಿನ ರೇಟ್ ಬದಲಾಗುತ್ತೆ, ಮೀನು ಒಂದೊಂದು ಒಂದೊಂದು ಗಾತ್ರ ಇರುತ್ತೆ, ಅದು ನನಗೂ ಗೊತ್ತು. ಒಳ್ಳೆಯ ಮೀನೂಟದ ಹೋಟೆಲಿನಲ್ಲಿ ಹೇಗೆ ಮಾಡುತ್ತಾರೆ? ಹಸಿ ಮೀನು ತಟ್ಟೆಯಲ್ಲಿ ತಂದು ತೋರಿಸುತ್ತಾರೆ, ‘ಈ ಮೀನಿಗೆ ಇಷ್ಟು, ಆ ಮೀನಿಗೆ ಅಷ್ಟು’ ಅಂತ ಬೆರಳು ತೋರಿಸಿ ಹೇಳುತ್ತಾರೆ, ನಾವು ಆರಿಸಿಕೊಳ್ಳುತ್ತೇವೆ. ಅಷ್ಟೇ ವ್ಯವಹಾರ.

ಇಲ್ಲೂ ಹುಡುಗ ತಟ್ಟೆ ತಂದ. ಮಸಾಲೆ ಹಚ್ಚದ ಹಸಿ ಮಾಂಜಿ, ಮಧ್ಯಮ ಗಾತ್ರದವು, ಅಂಗೈಗಿಂತ ಸ್ವಲ್ಪ ದೊಡ್ಡವು. ‘ಬೆಳಿಗ್ಗೆ ಬಂದದ್ದು ಸರ್, ಫ್ರೆಶ್’ ಅಂದ. ನಾನು ಒಂದು ಮೀನಿನ ಮೇಲೆ ಬೆರಳಿಟ್ಟು ‘ಇದು ಎಷ್ಟಪ್ಪಾ?’ ಅಂತ ಕೇಳಿದೆ. ‘ಮುನ್ನೂರೈವತ್ತು ಸರ್’ ಅಂದ. ನಾನು ಕೇಳಿದ್ದು ಮೀನು ಮುಟ್ಟಿಕೊಂಡು. ಅವನು ಹೇಳಿದ್ದೂ ಆ ಮೀನು ನೋಡಿಕೊಂಡೇ. ಇಬ್ಬರಿಗೆ ಒಂದರಂತೆ ಮೂರು ಮಾಡಿ ಅಂದೆವು. ಭಾವ ಲೆಕ್ಕದ ಮನುಷ್ಯ, ‘ಮೂರಕ್ಕೆ ಸಾವಿರದ ಐವತ್ತು ಆಯ್ತಲ್ವಾ?’ ಅಂತ ಬಾಯಿಬಿಟ್ಟು ಕೇಳಿದರು. ಹುಡುಗ ಏನಂದ ಗೊತ್ತಾ? ‘ಹಾಂ ಸರ್, ತವಾ ಮಾಡುದಾ, ರವಾ ಮಾಡುದಾ?’

ಆ ‘ಹಾಂ ಸರ್’ ಇದೆಯಲ್ಲ, ನನ್ನ ಹೊಟ್ಟೆ ಇನ್ನೂ ಉರಿಯುತ್ತಿರುವುದು ಅದಕ್ಕೆ. ಹೌದು ಅಂತಲೂ ಆಯಿತು, ಮುಂದಿನ ಮಾತಿಗೆ ಹೋಗಿದ್ದೂ ಆಯಿತು. ನಾವು ತವಾ ರವಾ ಅಂತ ಮಾತಾಡುತ್ತಾ ಕೂತೆವು, ಅವನು ತಟ್ಟೆ ಎತ್ತಿಕೊಂಡು ಅಡುಗೆ ಮನೆಗೆ ಹೋದ. ತೂಕದ ಮಾತೇ ಬರಲಿಲ್ಲ. ಗ್ರಾಂ ಅನ್ನೋ ಪದ ಯಾರ ಬಾಯಲ್ಲೂ ಬರಲಿಲ್ಲ.

ಊಟ ಚೆನ್ನಾಗಿತ್ತು, ಸುಳ್ಳು ಹೇಳಲ್ಲ. ಸಿಗಡಿ ಘೀ ರೋಸ್ಟ್ ಎರಡು ಪ್ಲೇಟ್ ಹೇಳಿದ್ದೆವು, ಪ್ಲೇಟಿಗೆ 420 ರೂಪಾಯಿ, ಮೆನುವಿನ ಫೋಟೋದಲ್ಲಿ ಬಟ್ಟಲು ತುಂಬಿ ತುಳುಕುತ್ತಿತ್ತು, ಟೇಬಲಿಗೆ ಬಂದಿದ್ದರಲ್ಲಿ ಆರಾರು ಸಿಗಡಿ, ಉಳಿದದ್ದು ಮಸಾಲೆ. ಒಂದು ಪ್ಲೇಟ್ ಅಂದರೆ ಎಷ್ಟು ಅಂತ ಮೆನುವಲ್ಲಿ ಎಲ್ಲೂ ಇಲ್ಲ. ಆಗಲೇ ಒಂಥರಾ ಅನಿಸಿತು, ಆದರೆ ಬೀಗರ ಮುಂದೆ ಸಿಗಡಿ ಎಣಿಸಿ ಜಗಳ ಮಾಡುವುದಕ್ಕೆ ಆಗುತ್ತಾ? ಸುಮ್ಮನಾದೆ.

ಆಮೇಲೆ ಬಿಲ್ ಬಂತು. ತೆರಿಗೆ ಸೇರಿ 6,762 ರೂಪಾಯಿ. ನಾನು ಬೇರೆ ಟೇಬಲಿನ ಬಿಲ್ ಅಂದುಕೊಂಡು ಹುಡುಗನನ್ನು ಕರೆದೆ. ನೋಡಿದರೆ ನಮ್ಮದೇ. ‘ಮಾಂಜಿ ಎಪಿಎಸ್ – 4,340’. ಒಂದೇ ಸಾಲು. ಎಷ್ಟು ಮೀನು ಅಂತ ಇಲ್ಲ, ಎಷ್ಟು ತೂಕ ಅಂತ ಇಲ್ಲ, ಯಾವ ರೇಟ್ ಅಂತ ಇಲ್ಲ. ಸಾವಿರದ ಐವತ್ತು ಅಂತ ಒಪ್ಪಿಕೊಂಡಿದ್ದು ನಾಲ್ಕು ಸಾವಿರದ ಮುನ್ನೂರ ನಲವತ್ತು!

ಕೇಳಿದರೆ ಹುಡುಗ ತಲೆ ತಗ್ಗಿಸಿಕೊಂಡು ಮ್ಯಾನೇಜರನ್ನು ಕರೆದ. ಮ್ಯಾನೇಜರ್ ಬಂದವರೇ, ನಗುತ್ತಾ, ‘ಸರ್, ಮುನ್ನೂರೈವತ್ತು ಅಂದ್ರೆ ನೂರು ಗ್ರಾಮಿಗೆ.’ ಅಷ್ಟು ಸಲೀಸಾಗಿ. ಮೀನಿಗಲ್ಲ, ನೂರು ಗ್ರಾಮಿಗೆ! ಒಂದು ಕೆಜಿಗೆ ಮೂರೂವರೆ ಸಾವಿರ ಆಯಿತು. ತೂಕ ಎಷ್ಟು ಅಂತ ಕೇಳಿದ್ದಕ್ಕೆ ಒಳಗೆ ಹೋಗಿ ಒಂದು ಚೀಟಿ ತಂದರು, ಪೆನ್ನಿನಲ್ಲಿ ಬರೆದದ್ದು, 420, 400, 420. ಒಟ್ಟು 1,240 ಗ್ರಾಂ. ಆ ಚೀಟಿ ಮೀನು ತೂಗುವಾಗ ಬರೆದದ್ದೋ ನಾನು ಕೇಳಿದಮೇಲೆ ಬರೆದದ್ದೋ ಹೇಗೆ ಹೇಳುವುದು?

ಅವರ ಒಂದೊಂದು ಉತ್ತರವನ್ನೂ ಇಲ್ಲಿ ಬರೆಯುತ್ತೇನೆ, ಯಾಕೆಂದರೆ ನಿಮಗೂ ಇವೇ ಉತ್ತರ ಸಿಗುತ್ತವೆ.

ನಮ್ಮ ಮುಂದೆ ಯಾಕೆ ತೂಗಲಿಲ್ಲ ಅಂದೆ. ‘ತಕ್ಕಡಿ ಕಿಚನಲ್ಲಿ ಉಂಟು ಸರ್, ಅಲ್ಲಿಗೆ ಕಸ್ಟಮರಿಗೆ ಬರ್ಲಿಕ್ಕಿಲ್ಲ.’

ಕ್ಲೀನ್ ಮಾಡಿದ ಮೇಲಿನ ತೂಕವಾ ಅಂದೆ. ‘ಇಲ್ಲ ಸರ್, ಹಸಿ ತೂಕ. ಎಲ್ಲ ಕಡೆ ಹಾಗೇ.’ ಅಂದರೆ ಕರುಳು, ಕಿವಿರು, ಈಜುರೆಕ್ಕೆ, ಅವರೇ ಕತ್ತರಿಸಿ ಬಿಸಾಕಿದ್ದಕ್ಕೂ ನೂರು ಗ್ರಾಮಿಗೆ 350ರ ಲೆಕ್ಕದಲ್ಲೇ ನಾವು ದುಡ್ಡು ಕೊಡಬೇಕು.

ಇಷ್ಟು ರೇಟಾ ಅಂದೆ. ‘ಎಂತ ಮಾಡುದು ಸರ್, ಬೋಟ್ ಸರಿಯಾಗಿ ಹೋಗ್ತಾ ಇಲ್ಲ.’ ಊಟಕ್ಕೆ ಮುಂಚೆ ಬೆಳಿಗ್ಗೆ ಬಂದ ಫ್ರೆಶ್ ಮೀನು, ಬಿಲ್ ಹೊತ್ತಿಗೆ ಬೋಟೇ ಹೋಗಿಲ್ಲ! ನಮ್ಮ ಕರಾವಳಿಯಲ್ಲಿ ಯಾಂತ್ರಿಕ ಬೋಟುಗಳಿಗೆ ನಿಷೇಧ ಇರುವುದು ಜೂನ್ 1ರಿಂದ ಜುಲೈ 31ರವರೆಗೆ. ನಾವು ಹೋಗಿದ್ದು ಡಿಸೆಂಬರಿನಲ್ಲಿ. ಘಟ್ಟದ ಮೇಲಿನವರಿಗೆ ಇಷ್ಟೂ ಗೊತ್ತಿರಲ್ಲ ಅಂದುಕೊಂಡಿದ್ದರು.

ಹುಡುಗ ಮೂರಕ್ಕೆ ಸಾವಿರದ ಐವತ್ತಕ್ಕೆ ಹಾಂ ಅಂದಿದ್ದ ಅಂತ ಭಾವ ಹೇಳಿದರು. ‘ಅವ ಹೊಸಬ ಸರ್, ಅವನಿಗೆ ಗೊತ್ತಾಗ್ಲಿಲ್ಲ.’ ಹೊಸಬನಾದರೆ ರೇಟ್ ಹೇಳುವ ಕೆಲಸಕ್ಕೆ ಯಾಕೆ ಕಳಿಸುತ್ತೀರಿ?

ಕೊನೆಗೆ ಮೆನು ತೆಗೆದು ಹಿಂದಿನ ಪುಟ ತೋರಿಸಿದರು. ‘ಬರ್ದುಂಟಲ್ಲ ಸರ್, ನೋಡಿ.’ ಹೌದು, ಬರೆದಿತ್ತು. ಐಸ್‌ಕ್ರೀಂ ಪಟ್ಟಿಯ ಕೆಳಗೆ, ಇರುವೆ ಸಾಲಿನಂಥ ಅಕ್ಷರದಲ್ಲಿ, ಎಪಿಎಸ್ ಐಟಂಗಳ ದರ 100 ಗ್ರಾಂಗೆ ಅಂತ. ಮೀನಿನ ಪುಟ ಮುಂದೆ, ಈ ಸಾಲು ಕೊನೆಯ ಪುಟದ ತಳದಲ್ಲಿ. ಆಮೇಲೆ ಒಂದು ಮಾತು ಹೇಳಿದರು, ಅದನ್ನು ನಾನು ಮರೆಯುವುದಿಲ್ಲ. ‘ಇಲ್ಲಿ ಊರಿನವರಿಗೆಲ್ಲ ಗೊತ್ತುಂಟು ಸರ್.’ ಅಂದರೆ ಊರಿನವರಲ್ಲದವರಿಗೆ ಗೊತ್ತಿಲ್ಲ ಅನ್ನುವುದು ಅವರಿಗೆ ಗೊತ್ತಿದೆ. ಗೊತ್ತಿದ್ದೇ ಹೇಳುವುದಿಲ್ಲ. ಇದಕ್ಕೆ ಮೋಸ ಅನ್ನದೆ ಇನ್ನೇನು ಅನ್ನಬೇಕು?

ಅಕ್ಕಪಕ್ಕದ ಟೇಬಲಿನವರು ತಿರುಗಿ ನೋಡುತ್ತಿದ್ದರು. ಮಗಳು ಹೆದರಿಕೊಂಡು ಅಮ್ಮನ ಕೈ ಹಿಡಿದುಕೊಂಡಿದ್ದಳು. ಅಷ್ಟರಲ್ಲಿ ತಂಗಿಯ ಮಾವನವರು ಜೇಬಿಗೆ ಕೈ ಹಾಕಿ, ‘ಬಿಡಪ್ಪ, ನಾನು ಮೀನು ಬೇಕು ಅಂದಿದ್ದಕ್ಕೆ ಇಷ್ಟೆಲ್ಲ ಆಯ್ತು, ನಾನು ಕೊಡ್ತೀನಿ’ ಅಂದರು. ನಿವೃತ್ತ ಮೇಷ್ಟ್ರು, ಪಿಂಚಣಿಯಲ್ಲಿ ಇರುವವರು. ಕರೆದುಕೊಂಡು ಹೋಗಿ ಅವರ ಬಾಯಲ್ಲಿ ಆ ಮಾತು ಬರುವ ಹಾಗೆ ಆಯಿತಲ್ಲ ಅಂತ ಮುಖ ಎಲ್ಲಿ ಇಟ್ಟುಕೊಳ್ಳಬೇಕು ತಿಳಿಯಲಿಲ್ಲ. ಇಂಥ ಹೋಟೆಲುಗಳು ಬದುಕಿರುವುದೇ ನಮ್ಮ ಈ ಮುಜುಗರದ ಮೇಲೆ. ಜೊತೆಗೆ ಹಿರಿಯರಿದ್ದಾರೆ, ಮಕ್ಕಳಿದ್ದಾರೆ, ಜಗಳ ಮಾಡಲ್ಲ, ಕೊಟ್ಟು ಹೋಗುತ್ತಾರೆ ಅಂತ ಅವರಿಗೆ ಚೆನ್ನಾಗಿ ಗೊತ್ತು. ನಾನೂ ಕೊಟ್ಟೆ. ಪೂರ್ತಿ ಕೊಟ್ಟೆ. ಆದರೆ ಬಿಲ್, ಆ ಚೀಟಿ, ಮೆನುವಿನ ಎರಡೂ ಪುಟದ ಫೋಟೋ ತೆಗೆದುಕೊಂಡು ಬಂದೆ.

ವಾಪಸ್ ಬಂದ ಮೇಲೆ ಈ ವಿಷಯವಾಗಿ ಕಾನೂನು ಏನಿದೆ ಅಂತ ನೋಡಿದೆ. ಇನ್ನೂ ಸಿಟ್ಟು ಬಂತು. 2017ರಲ್ಲಿ ಆಗ ಕೇಂದ್ರದಲ್ಲಿ ಗ್ರಾಹಕ ವ್ಯವಹಾರಗಳ ಸಚಿವರಾಗಿದ್ದ ರಾಮ್ ವಿಲಾಸ್ ಪಾಸ್ವಾನ್ ಇದೇ ಸಿಗಡಿಯ ಉದಾಹರಣೆ ಕೊಟ್ಟಿದ್ದರು. ಎರಡು ಸಿಗಡಿ ತಿನ್ನುವವನಿಗೆ ಆರು ಯಾಕೆ ಬಡಿಸಬೇಕು, ಒಂದು ಪ್ಲೇಟಿನಲ್ಲಿ ಎಷ್ಟು ಇರುತ್ತೆ ಅಂತ ಹೋಟೆಲಿನವರು ಮೆನುವಲ್ಲೇ ಹೇಳಬೇಕು ಅಂದಿದ್ದರು. ಅವರ ಚಿಂತೆ ಊಟ ದಂಡವಾಗುವುದರ ಬಗ್ಗೆ ಇತ್ತು, ನನ್ನ ಚಿಂತೆ ದುಡ್ಡಿನ ಬಗ್ಗೆ, ಆದರೆ ಕೇಳಿದ್ದು ಒಂದೇ. ಆ ಮಾತು ಸುದ್ದಿಯಾಯಿತು, ಚರ್ಚೆಯಾಯಿತು, ನಮ್ಮ ಟೇಬಲಿನವರೆಗೆ ಬರಲಿಲ್ಲ. ಆಮೇಲೆ 2022ರಿಂದ ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮ ಬಂದಿದೆ, ಮೆನುವಲ್ಲಿ ಕ್ಯಾಲೊರಿ ಜೊತೆಗೆ ಒಂದು ಸರ್ವಿಂಗ್ ಎಷ್ಟು ಅಂತಲೂ ಹಾಕಬೇಕು. ಆದರೆ ಅದು ಕೇಂದ್ರದ ಲೈಸೆನ್ಸ್ ಇರುವವರಿಗೆ, ಇಲ್ಲಾ ಹತ್ತು ಮತ್ತು ಅದಕ್ಕಿಂತ ಜಾಸ್ತಿ ಕಡೆ ಶಾಖೆ ಇರುವವರಿಗೆ. ದೊಡ್ಡ ಕಂಪನಿಯ ಬರ್ಗರಿಗೆ ಲೆಕ್ಕ ಇದೆ, ಬೀಚ್ ಪಕ್ಕದ ಒಂದೇ ಹೋಟೆಲಿನ ನಾಲ್ಕು ಸಾವಿರದ ಮೀನಿಗೆ ಲೆಕ್ಕ ಇಲ್ಲ.

ಹಾಗಂತ ನಮಗೆ ಏನೂ ಹಕ್ಕಿಲ್ಲ ಅಂತಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಪ್ರಮಾಣ ಎಷ್ಟು, ಬೆಲೆ ಎಷ್ಟು ಅಂತ ತಿಳಿದುಕೊಳ್ಳುವುದು ಗ್ರಾಹಕನ ಹಕ್ಕು ಅಂತಲೇ ಇದೆ. ತೂಕದ ಮೇಲೆ ಮಾರುವವರ ತಕ್ಕಡಿಗೆ ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ ಇರಬೇಕು, ಎಲೆಕ್ಟ್ರಾನಿಕ್ ತಕ್ಕಡಿಯಾದರೆ ವರ್ಷಕ್ಕೊಮ್ಮೆ ತಪಾಸಣೆ ಮಾಡಿಸಬೇಕು. ಅಡುಗೆ ಮನೆಯೊಳಗೆ ಬಚ್ಚಿಟ್ಟ ತಕ್ಕಡಿಗೂ ಇದೇ ನಿಯಮ. ಅದನ್ನು ತೋರಿಸಿ ಅಂತ ಕೇಳುವುದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ.

ಎಲ್ಲ ಹೋಟೆಲಿನವರೂ ಹೀಗೆ ಅಂತ ನಾನು ಹೇಳುತ್ತಿಲ್ಲ. ಮಾರನೇ ದಿನ ವಾಪಸ್ ಬರುವಾಗ ಹೆದ್ದಾರಿ ಪಕ್ಕದ ಸಣ್ಣ ಹೋಟೆಲಿನಲ್ಲಿ ಊಟ ಮಾಡಿದೆವು. ಗಲ್ಲಾದಲ್ಲಿ ಕೂತ ಅಮ್ಮ ಕೇಳದೆಯೇ, ‘ದೊಡ್ಡ ಮೀನಿಗೆ ಇಷ್ಟು, ಸಣ್ಣದಕ್ಕೆ ಇಷ್ಟು, ಸಣ್ಣದೇ ತಗೊಳ್ಳಿ, ಸಾಕಾಗ್ತದೆ’ ಅಂದರು. ಒಂದೇ ಸಮುದ್ರ, ಒಂದೇ ಮೀನು. ಹೇಳುವ ಮನಸ್ಸಿದ್ದರೆ ಒಂದು ವಾಕ್ಯದ ಕೆಲಸ.

ಈಗ ನೀವು ಏನು ಮಾಡಬೇಕು ಅಂದರೆ, ‘ಎಷ್ಟು?’ ಅಂತ ಮಾತ್ರ ಕೇಳಬೇಡಿ. ‘ಈ ಮೀನು ತಟ್ಟೆಗೆ ಬಂದಾಗ ಬಿಲ್ಲಿನಲ್ಲಿ ಒಟ್ಟು ಎಷ್ಟು ಬರುತ್ತೆ?’ ಅಂತ ಕೇಳಿ, ಆ ಮೊತ್ತವನ್ನು ಆರ್ಡರ್ ಚೀಟಿಯಲ್ಲಿ ಬರೆಸಿ, ಚೀಟಿಯ ಫೋಟೋ ತೆಗೆಯಿರಿ. ಗ್ರಾಂ ಲೆಕ್ಕ ಅಂದರೆ ನಿಮ್ಮ ಕಣ್ಣೆದುರು ತೂಗಲಿ, ಹಸಿ ತೂಕವಾ ಕ್ಲೀನ್ ಮಾಡಿದ್ದಾ ಅಂತ ಕೇಳಿ. ಆಗಲ್ಲ ಅಂದರೆ ಎದ್ದು ಬನ್ನಿ, ನೀರು ಕುಡಿದಾಗಿದೆ, ಉಪ್ಪಿನಕಾಯಿ ತಿಂದಾಗಿದೆ ಅಂತ ಸಂಕೋಚ ಬೇಡ. ಸಿಗಡಿ, ಏಡಿ ಆದರೆ ಪ್ಲೇಟಿಗೆ ಎಷ್ಟು ಪೀಸ್ ಅಂತ ಬಾಯಿಬಿಟ್ಟು ಕೇಳಿ. ಜೊತೆಗೆ ಬೀಗರಿದ್ದರಂತೂ ಇನ್ನೂ ಜೋರಾಗಿ ಕೇಳಿ.

ನಾನು ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ದಾಖಲಿಸಿದ್ದೇನೆ, ಕನ್ನಡದಲ್ಲೇ ಮಾತಾಡಿದರು, ಬಿಲ್ಲು ಚೀಟಿ ಎಲ್ಲ ಕಳಿಸಿದ್ದೇನೆ. ಅದಾದ ಮೇಲೆ ಹೋಟೆಲಿನಿಂದ ಫೋನ್ ಬಂತು. ಕ್ಷಮಿಸಿ ಅಂತ ಇಲ್ಲ, ದುಡ್ಡು ವಾಪಸ್ ಅಂತ ಇಲ್ಲ. ‘ಸರ್, ನೆಕ್ಸ್ಟ್ ಟೈಮ್ ಫ್ಯಾಮಿಲಿ ಕರ್ಕೊಂಡು ಬನ್ನಿ, ಎಲ್ಲರಿಗೂ ಐಸ್‌ಕ್ರೀಂ ನಮ್ಮ ಕಡೆಯಿಂದ’ ಅಂದರು. ನನಗೆ ನಿಮ್ಮ ಐಸ್‌ಕ್ರೀಂ ಬೇಡ, ಅದರ ಪಟ್ಟಿಯ ಕೆಳಗಿರುವ ಆ ಸಾಲನ್ನು ಮೀನಿನ ಪುಟಕ್ಕೆ ತಂದು ದೊಡ್ಡ ಅಕ್ಷರದಲ್ಲಿ ಹಾಕಿ, ಅಲ್ಲಿಯವರೆಗೆ ದೂರು ವಾಪಸ್ ತಗೊಳ್ಳಲ್ಲ ಅಂತ ಹೇಳಿ ಇಟ್ಟೆ.