"ಬಿಗಿನರ್ ಸೆಟ್" ಅಂತ ಹಳೇ ಸ್ಕೀ ಮಾರ್ತಿದ್ದಾರೆ, ಕಾರವಾರ-ಶಿರಸಿ ಕಡೆಯವರು ಎಚ್ಚರ

ಕಾರವಾರದಿಂದ ಒಬ್ಬರು ವಾಟ್ಸ್ಯಾಪ್ ಗುಂಪುಗಳಲ್ಲಿ ಹಳೇ ಸ್ಕೀ ಸಾಮಾನಿನ (ಹಿಮದ ಮೇಲೆ ಜಾರೋಕೆ ಕಾಲಿಗೆ ಹಾಕುವ ಉದ್ದ ಪಟ್ಟಿ, ಅದರ ಬೂಟು) ಫೋಟೋ ಹಾಕ್ತಿದ್ದಾರೆ. ದುಡ್ಡು ಕಳಿಸುವ ಮೊದಲು ಇದನ್ನು ಓದಿ. ನಾನು ಕಳಿಸಿಬಿಟ್ಟೆ, 22,000 ರೂಪಾಯಿ. ಸ್ಕೀ ಬಗ್ಗೆ ಗೊತ್ತಿದ್ದೂ ಕಳಿಸಿದೆ, ನಾಚಿಕೆ ಆಗೋದು ಅದಕ್ಕೇ.

ಬೇಕಾಗಿದ್ದು ಅಕ್ಕನ ಮಗನಿಗೆ. ಎತ್ತರ 168 ಸೆಂ.ಮೀ., ತೂಕ 60 ಕೆ.ಜಿ., ಪಾದ 26 ಸೆಂ.ಮೀ. ಹಿಮದ ಮೇಲೆ ಒಂದು ದಿನವೂ ನಿಂತವನಲ್ಲ, ಜನವರಿಯಲ್ಲಿ ಉತ್ತರಾಖಂಡದ ಔಲಿಗೆ ಸ್ಕೀ ಕಲಿಯೋಕೆ ಹೊರಟವನು. ಇಷ್ಟನ್ನೂ ಬರೆದು ಕಳಿಸಿದ್ದೆ. "ಅವರಿಗೇ ಮಾಡಿದ ಹಾಗಿದೆ ಸರ್, ನಾಲ್ಕೇ ದಿನ ಬಳಸಿದ್ದು" ಅಂತ ಉತ್ತರ ಬಂತು.

ಹೊಸಬರ ಸ್ಕೀ ನೆಟ್ಟಗೆ ನಿಲ್ಲಿಸಿದರೆ ಗದ್ದಕ್ಕೂ ಮೂಗಿಗೂ ನಡುವೆ ಬರಬೇಕು. ಇವನಿಗೆ 145ರಿಂದ 155 ಸೆಂ.ಮೀ. ಸಾಕು. ಪಾರ್ಸೆಲ್ ಶಿರಸಿಗೆ ಬಂತು, ಜಗುಲಿ ಮೇಲೆ ಗೋಣಿ ಬಿಚ್ಚಿ ಟೇಪು ಹಿಡಿದೆ. 188! ಬಾಲದ ಹತ್ತಿರ, ಅಂದರೆ ಸ್ಕೀಯ ಹಿಂದಿನ ತುದಿಯಲ್ಲಿ, ಅಚ್ಚಾಗಿಯೂ ಇತ್ತು: 188, ಆರ್ 30. ಅಂದರೆ ತಿರುವಿನ ತ್ರಿಜ್ಯ 30 ಮೀಟರ್. ಅದು ಜೈಂಟ್ ಸ್ಲಾಲಮ್ ಅನ್ನೋ, ವೇಗವಾಗಿ ದೊಡ್ಡ ತಿರುವು ಹಾಕುವ ರೇಸಿನ ಸ್ಕೀ. ಕಲಿಯುವವರದ್ದು 12ರಿಂದ 15 ಮೀಟರ್ ಇರುತ್ತೆ, ನಿಧಾನಕ್ಕೆ ಹೋಗುವಾಗಲೂ ತಿರುಗುತ್ತೆ. ಈ 30ರದ್ದು ವೇಗ ಹಿಡಿದು ಅಂಚಿನ ಮೇಲೆ ಭಾರ ಹಾಕಿ ಒತ್ತಿದರೆ ಮಾತ್ರ ಬಾಗೋದು. ನಿಲ್ಲಿಸೋಕೇ ಬಾರದ ಹುಡುಗನ ಕಾಲಿಗೆ ಇದು! ಅವರು ಕಳಿಸಿದ ಫೋಟೋದಲ್ಲಿ ಬಾಲದ ಭಾಗ ನೀಲಿ ಚೀಲದೊಳಗಿತ್ತು. ನಾನು ಅದನ್ನು ತೆಗೆಸಿ ನೋಡಲಿಲ್ಲ.

ಫೋನ್ ಮಾಡಿದೆ. "ಉದ್ದ ಇದ್ದಷ್ಟು ಬ್ಯಾಲೆನ್ಸ್ ಜಾಸ್ತಿ ಸರ್. ಪ್ರೊ ಮಾಡೆಲ್, ಬೇಗ ಕಲೀತಾರೆ."

ಬೂಟನ್ನು ಸ್ಕೀಗೆ ಹಿಡಿದಿಡುವ ಬೈಂಡಿಂಗ್ ನೋಡಿ ಇನ್ನೂ ಸಿಟ್ಟು ಬಂತು. ಬಿದ್ದಾಗ ಬೂಟನ್ನು ಬಿಟ್ಟುಕೊಡಬೇಕಾದ್ದು ಅದೇ. ಎಷ್ಟು ಬಲಕ್ಕೆ ಬಿಡಬೇಕು ಅನ್ನೋದನ್ನು ತೂಕ, ಎತ್ತರ, ವಯಸ್ಸು, ಬೂಟಿನ ಅಡಿಯ ಉದ್ದ, ಕಲಿತ ಮಟ್ಟ ನೋಡಿ ಹೊಂದಿಸುತ್ತಾರೆ, ಡಿನ್ ಅಂತಾರೆ. 60 ಕೆ.ಜಿ.ಯ ಹೊಸಬನಿಗೆ ಅದು 5 ದಾಟೋದಿಲ್ಲ. ಇದರ ಸ್ಕೇಲ್ ಇದ್ದದ್ದು 8ರಿಂದ 16. ಪೂರ್ತಿ ಸಡಿಲ ಮಾಡಿದರೂ 8! ಬಿದ್ದರೆ ಸ್ಕೀ ಬಿಡೋದಿಲ್ಲ, ಕಾಲು ತಿರುಚುತ್ತೆ, ಮೊಣಕಾಲ ಕೆಳಗಿನ ಎಲುಬೇ ಮುರಿಯಬಹುದು. "ಸ್ಕ್ರೂ ಡ್ರೈವರ್ ಹಾಕಿ ತಿರುಗಿಸಿ ಸರ್, ಲೂಸ್ ಆಗುತ್ತೆ" ಅಂದರು. ಎಲ್ಲಿಗೆ ತಿರುಗಿಸೋದು?

ಬೂಟಿನ ಅಳತೆ 28.5. ಸ್ಕೀ ಬೂಟಿನ ಸೈಜು ಅಂದರೆ ಪಾದದ ಉದ್ದ, ಸೆಂಟಿಮೀಟರಿನಲ್ಲಿ. 26ರ ಕಾಲಿಗೆ 28.5! ಕೇಳಿದ್ದಕ್ಕೆ "ದಪ್ಪ ಸಾಕ್ಸ್ ಎರಡು ಹಾಕಿಸಿ". ಎರಡು ಸಾಕ್ಸ್ ಹಾಕಿದರೆ ಒಳಗೆ ಮಡಚಿಕೊಂಡು ರಕ್ತ ಓಡಾಡದೆ ಕಾಲು ಇನ್ನಷ್ಟು ತಣ್ಣಗಾಗುತ್ತೆ, ದೊಡ್ಡ ಬೂಟಲ್ಲಿ ಹಿಮ್ಮಡಿ ಮೇಲೆದ್ದರೆ ಸ್ಕೀ ಮಾತೇ ಕೇಳೋದಿಲ್ಲ. ಹಾಕಬೇಕಾದ್ದು ತೆಳ್ಳನೆಯ ಒಂದೇ ಜೊತೆ. ಫ್ಲೆಕ್ಸ್, ಅಂದರೆ ಬೂಟು ಎಷ್ಟು ಗಟ್ಟಿ ಅನ್ನೋ ಅಳತೆ, ಬೇರೆ 130. ಇವನಿಗೆ 70-80 ಸಾಕಿತ್ತು. ಅಷ್ಟು ಗಟ್ಟಿ ಬೂಟಲ್ಲಿ ಹೊಸಬರ ಕಣಕಾಲು ಮುಂದಕ್ಕೆ ಬಾಗೋದೇ ಇಲ್ಲ, ಹಿಂದಕ್ಕೆ ವಾಲಿ ನಿಲ್ತಾರೆ, ಸ್ಕೀ ಮುಂದೆ ಓಡುತ್ತೆ.

ಆದರೂ ನಾನೇ ಕಾಲು ಹಾಕಿ ಮೇಲಿನ ಬಕಲ್ ಎಳೆದೆ. ಟಪ್ ಅಂತ ಒಂದು ಸದ್ದು. ಹಿಮ್ಮಡಿ ಪಕ್ಕ ಬೂಟಿನ ಹೊರಗಿನ ಪ್ಲಾಸ್ಟಿಕ್ ಚಿಪ್ಪು ಅಂಗೈ ಅಗಲಕ್ಕೆ ಕಿತ್ತು ಬಂತು. ಬೆರಳಲ್ಲಿ ಅಮುಕಿದರೆ ಅಂಚು ತೊಡೆದೇವಿನ ಹಾಗೆ ಪುಡಿಪುಡಿ. ಇಳಿಜಾರಿನಲ್ಲಿ ಅವನ ಕಾಲಲ್ಲಿ ಹೀಗಾಗಿದ್ದರೆ?

"ನಾಲ್ಕೇ ದಿನ ಬಳಸಿದ್ದು" ಅನ್ನೋದು ನಿಜವೇ ಇರಬಹುದು. ಅದರಿಂದ ಏನೂ ಆಗೋದಿಲ್ಲ. ಬೂಟಿನ ಪಾಲಿಯುರೆಥೇನ್ ಪ್ಲಾಸ್ಟಿಕ್ಕನ್ನು ಗಾಳಿಯ ತೇವವೇ ವರ್ಷಗಟ್ಟಲೆ ತಿನ್ನುತ್ತೆ, ಅಟ್ಟದಲ್ಲಿ ಸುಮ್ಮನೆ ಇಟ್ಟಿದ್ದರೂ ತಿನ್ನುತ್ತೆ. ನಮ್ಮ ಕರಾವಳಿಯ ಮಳೆಗಾಲ ಎಂಥದ್ದು ಅಂತ ಹೇಳಬೇಕೆ? ಎಷ್ಟು ದಿನ ಬಳಸಿದ್ದು ಅಂತ ಕೇಳಬೇಡಿ, ಎಷ್ಟು ವರ್ಷದ್ದು ಅಂತ ಕೇಳಿ. ಹತ್ತು ದಾಟಿದ್ದರೆ ಬಿಟ್ಟುಬಿಡಿ.

ಚಿಪ್ಪಿನ ಫೋಟೋ ಕಳಿಸಿದೆ. "ನೀವು ಜೋರಾಗಿ ಎಳೆದಿದ್ದೀರಿ." ಬಕಲ್ ಇರೋದೇ ಎಳೆಯೋಕೆ ಮಾರಾಯ್ರೆ! ಅರ್ಧ ದುಡ್ಡಾದರೂ ವಾಪಸ್ ಕೊಡಿ ಅಂದೆ. "ಫೋಟೋ ನೋಡೇ ತಾನೇ ಸರ್ ತಗೊಂಡಿದ್ದು?" ಅಷ್ಟೇ. ಆಮೇಲೆ ನನ್ನ ನಂಬರ್ ಬ್ಲಾಕ್.

ಮೊದಲ ಸಲ ಹೋಗುವವರು ಏನೂ ಕೊಳ್ಳಬೇಡಿ, ಅಲ್ಲೇ ಬಾಡಿಗೆಗೆ ತಗೊಳ್ಳಿ. ಕೊಳ್ಳಲೇಬೇಕು ಅಂದರೆ ಬೂಟಿನ ಒಳಪದರ ತೆಗೆದು, ಬರೀ ಚಿಪ್ಪಿನೊಳಗೆ ಬೆರಳ ತುದಿ ಮುಂದಕ್ಕೆ ತಾಗಿಸಿ ನಿಂತು ನೋಡಿ. ಹಿಮ್ಮಡಿ ಹಿಂದೆ ಒಂದೂವರೆಯಿಂದ ಎರಡು ಸೆಂ.ಮೀ. ಉಳಿಯಬೇಕು, ಹೆಚ್ಚಿದ್ದರೆ ಆ ಬೂಟು ನಿಮ್ಮದಲ್ಲ.

ನಿನ್ನೆ ಇನ್ನೊಂದು ಗುಂಪಿನಲ್ಲಿ ಮತ್ತೆ ಫೋಟೋ ಬಂದಿದೆ. ಅದೇ ನೀಲಿ ಚೀಲ, ಅದೇ "ಬಿಗಿನರ್ ಸೆಟ್", ಬೆಲೆ ಈಗ 25,000. ಯಾರಾದರೂ ಮಾತಾಡ್ತಾ ಇದ್ದರೆ ಚೀಲ ತೆಗೆಸಿ, ಬಾಲದ ಫೋಟೋ ಕೇಳಿ.