ಗಡ್ಡದ ಕೆಂಚು ಬಣ್ಣಕ್ಕೆ ಬೂದಿ ಛಾಯೆಯ ಕ್ರೀಮ್ ಮತ್ತು ನೀಲಿ ಶಾಂಪೂ: ಎರಡು ವರ್ಷಗಳಿಗೂ ಮಿಕ್ಕಿದ ಬಳಕೆಯ ನಂತರ

ಗಡ್ಡಕ್ಕೆ ಬಣ್ಣ ಹಚ್ಚಿಕೊಳ್ಳುವವರಲ್ಲಿ ಅನೇಕರ ದೂರು ಒಂದೇ: ಹಚ್ಚಿದ ದಿನ ಒಪ್ಪವಾಗಿ ಕಾಣುವ ಕಡು ಕಂದು ಬಣ್ಣ ಕೆಲವೇ ವಾರಗಳಲ್ಲಿ ಕೆಂಚಾಗುತ್ತದೆ. ಮುಂಬೈ ಬಳಿಯ ಡೊಂಬಿವಲಿಯಲ್ಲಿ ನಾನು ಮೊದಲು ಹೋಗುತ್ತಿದ್ದ ಸಲೂನಿನಲ್ಲಿ ಪ್ರತಿ ಸಲವೂ 6% ಡೆವಲಪರ್ (ಬಣ್ಣದ ಕ್ರೀಮಿಗೆ ಸೇರಿಸುವ ಪೆರಾಕ್ಸೈಡ್ ಮಿಶ್ರಣ) ಬೆರೆಸಿ ಇಡೀ ಗಡ್ಡಕ್ಕೆ ಬಣ್ಣ ಬಳಿಯುತ್ತಿದ್ದರು. ಮನೆಯ ಟ್ಯೂಬ್‌ಲೈಟಿನಲ್ಲಿ ಏನೂ ತೋರದಿದ್ದರೂ, ಲೋಕಲ್ ರೈಲಿನ ಕಿಟಕಿಯಿಂದ ಬಿಸಿಲು ಬಿದ್ದಾಗ ಕೆನ್ನೆಯ ಕೂದಲ ತುದಿಗಳು ತಾಮ್ರದ ಬಣ್ಣಕ್ಕೆ ತಿರುಗಿರುವುದು ಸ್ಪಷ್ಟವಾಗಿ ಕಾಣುತ್ತಿತ್ತು.

ಇದಕ್ಕೆ ಹಚ್ಚಿದ ಬಣ್ಣ ಮಾಸುವುದೊಂದೇ ಕಾರಣವಲ್ಲ. ಡೆವಲಪರ್‌ನಲ್ಲಿರುವ ಹೈಡ್ರೋಜನ್ ಪೆರಾಕ್ಸೈಡ್ ಹೊಸ ಬಣ್ಣವನ್ನು ಕೂರಿಸುವುದರ ಜೊತೆಗೆ ಕೂದಲಿನ ಸ್ವಂತ ಬಣ್ಣದ ಅಂಶವಾದ ಮೆಲನಿನ್ ಅನ್ನೂ ಸ್ವಲ್ಪ ತಿಳಿಯಾಗಿಸುತ್ತದೆ. ಕಪ್ಪು ಕೂದಲು ತಿಳಿಯಾದಂತೆಲ್ಲ ಒಳಗೆ ಅಡಗಿದ್ದ ಕೆಂಪು, ಕಿತ್ತಳೆ ಛಾಯೆಗಳು ಹೊರಬರುತ್ತವೆ. ಮೇಲಿನ ಬಣ್ಣ ಬಿಸಿಲಿಗೆ, ಬೆವರಿಗೆ, ಪದೇ ಪದೇ ತೊಳೆಯುವುದಕ್ಕೆ ಸವೆದಾಗ ಉಳಿಯುವುದು ಆ ಕೆಂಚೇ. ಹಾಗಾಗಿ ಕೆಂಚು ಕಂಡಾಗಲೆಲ್ಲ ಮತ್ತಷ್ಟು ಕಡು ಬಣ್ಣವನ್ನು ಅದೇ 6% ಡೆವಲಪರ್‌ನೊಂದಿಗೆ ತುದಿಯವರೆಗೂ ಬಳಿದರೆ ತೊಂದರೆ ಹೆಚ್ಚುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ ಎಂಬುದು ನನ್ನ ದೃಢ ಅಭಿಪ್ರಾಯ.

ಈಗ ನಾನು ಮನೆಯಲ್ಲೇ ಬಳಸುತ್ತಿರುವುದು ಅಮೋನಿಯಾ ಇಲ್ಲದ ಕ್ರೀಮ್ ಕಲರ್ ಮತ್ತು 3% ಡೆವಲಪರ್. ಶೇಡ್ ಸಂಖ್ಯೆಯಲ್ಲಿ ಮೊದಲ ಅಂಕಿ ಬಣ್ಣದ ಕಡುತನವನ್ನೂ ಬಿಂದುವಿನ ನಂತರದ ಅಂಕಿ ಛಾಯೆಯನ್ನೂ ಹೇಳುತ್ತದೆ. ಬಹಳಷ್ಟು ಕಂಪನಿಗಳ ಪಟ್ಟಿಯಲ್ಲಿ 3 ಎಂದರೆ ಕಡು ಕಂದು, .1 ಎಂದರೆ ಬೂದಿ ಛಾಯೆ. ಕಿತ್ತಳೆಯನ್ನು ತಗ್ಗಿಸುವುದು ನೀಲಿ. ಬೂದಿ ಛಾಯೆಯ ಕೆಲಸ ನಿಂತಿರುವುದು ಅದರ ಮೇಲೆಯೇ. ಆದರೆ ಬಿಳಿ ಕೂದಲಿಗೆ ಬರಿಯ 3.1 ಹಚ್ಚಿದರೆ ಬಣ್ಣ ನಿರ್ಜೀವವಾಗಿ, ಕೆಲವೊಮ್ಮೆ ಹಸಿರು ಮಿಶ್ರಿತವಾಗಿ ಕಾಣುವುದುಂಟು. ಆದ್ದರಿಂದ ಸಹಜ ಛಾಯೆಯ 3 ಮತ್ತು 3.1 ಎರಡನ್ನೂ ಸಮವಾಗಿ ಬೆರೆಸುತ್ತೇನೆ. ಇದನ್ನು ಹೇಳಿಕೊಟ್ಟವರು ಮಾಟುಂಗಾದಲ್ಲಿ ಸಲೂನ್ ನಡೆಸುವ ನಮ್ಮ ಕುಂದಾಪುರದ ಕಡೆಯವರು. "ಬೇರಿಗಷ್ಟೇ ಹಚ್ಚಿ ಅಣ್ಣ, ತುದಿಯನ್ನು ಕತ್ತರಿಗೆ ಬಿಡಿ," ಎಂದು ಅವರು ಹೇಳಿದ್ದು ನನಗೆ ಬಹಳ ಉಪಯೋಗಕ್ಕೆ ಬಂದಿದೆ. ಗಡ್ಡ ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುವುದರಿಂದ, ಗಿಡ್ಡವಾಗಿ ಬಿಡುವವರ ಹಳೆಯ ಕೆಂಚು ತುದಿಗಳು ಟ್ರಿಮ್ಮರ್‌ಗೇ ಹೋಗಿಬಿಡುತ್ತವೆ.

ಇದರ ಕೊರತೆಯನ್ನೂ ಹೇಳಲೇಬೇಕು. 3% ಡೆವಲಪರ್‌ಗೆ ಬಿಳಿ ಕೂದಲನ್ನು ಪೂರ್ತಿ ಮುಚ್ಚುವ ಶಕ್ತಿಯಿಲ್ಲ. ಗದ್ದದ ದಪ್ಪ ಬಿಳಿ ಕೂದಲುಗಳು ಬೂದು ಮಿಶ್ರಿತ ಕಂದಾಗಿ ಉಳಿಯುತ್ತವೆ. ಕೆಂಚಾಗುವುದಕ್ಕಿಂತ ನನಗೆ ಅದೇ ಮೇಲು. ಒಂದೂ ಬಿಳಿ ಕೂದಲು ಕಾಣಬಾರದು ಎನ್ನುವವರಿಗೆ ಈ ವಿಧಾನ ಹಿಡಿಸದು.

ನೀಲಿ ಬಣ್ಣದ ಅಂಶ ಬೆರೆಸಿದ ಶಾಂಪೂವನ್ನು ವಾರಕ್ಕೊಮ್ಮೆ, ಎರಡು ಮೂರು ನಿಮಿಷ ಮಾತ್ರ ಬಿಟ್ಟು ತೊಳೆಯುತ್ತೇನೆ. ಅಲ್ಪಸ್ವಲ್ಪ ಕಿತ್ತಳೆ ಛಾಯೆ ಇದರಿಂದ ಖಂಡಿತ ತಗ್ಗುತ್ತದೆ. ಪೂರ್ತಿ ತಾಮ್ರವಾದ ಗಡ್ಡಕ್ಕೆ ಇದೊಂದೇ ಸಾಲದು. ಹೆಚ್ಚು ಹೊತ್ತು ಬಿಟ್ಟರೆ ಬಿಳಿ ಕೂದಲಿಗೆ ನೀಲಿ ಹತ್ತುತ್ತದೆ. ಉಳಿದ ದಿನಗಳಲ್ಲಿ ಸಲ್ಫೇಟ್ ಇಲ್ಲದ ಶಾಂಪೂ ಸಾಕು. ಜುಹೂ ಕಡಲಿಗೋ ಈಜುಕೊಳಕ್ಕೋ ಇಳಿದವರು ಕೂಡಲೇ ಸಿಹಿನೀರಿನಲ್ಲಿ ಗಡ್ಡ ತೊಳೆದುಕೊಳ್ಳುವುದು ಒಳ್ಳೆಯದು, ಏಕೆಂದರೆ ಉಪ್ಪು, ಕ್ಲೋರಿನ್ ಎರಡೂ ಬಣ್ಣವನ್ನು ಬೇಗ ಸವೆಸುತ್ತವೆ.

ಮದರಂಗಿ ಹಚ್ಚಿದ ಗಡ್ಡದ ಮಾತು ಬೇರೆ. ಅಲ್ಲಿ ಕೆಂಪು ಬರುವುದು ಲಾಸೋನ್ ಎಂಬ ಅಂಶದಿಂದ. ಅದರ ಮೇಲೆ ನೀಲಿ ಸೊಪ್ಪಿನ (ಇಂಡಿಗೋ) ಪುಡಿ ಹಚ್ಚುವುದು ಹಳೆಯ, ಸರಿಯಾದ ಕ್ರಮ. ಲೋಹದ ಲವಣ ಬೆರೆಸಿದ ಮದರಂಗಿ ಪುಡಿ ಬಳಸಿದವರು ಮಾತ್ರ ಪೆರಾಕ್ಸೈಡ್ ಇರುವ ಯಾವ ಕ್ರೀಮನ್ನೂ ಅದರ ಮೇಲೆ ಹಚ್ಚಬಾರದು.

ಯಾವ ಕ್ರೀಮ್ ಕೊಂಡರೂ 48 ಗಂಟೆ ಮೊದಲು ಕಿವಿಯ ಹಿಂದೆ ಹಚ್ಚಿ ಪರೀಕ್ಷಿಸಬೇಕು. ಅಮೋನಿಯಾ ಇಲ್ಲ ಎಂದ ಮಾತ್ರಕ್ಕೆ ಅಲರ್ಜಿ ತರುವ ಪಿಪಿಡಿ ಎಂಬ ರಾಸಾಯನಿಕ ಇಲ್ಲವೆಂದು ಅರ್ಥವಲ್ಲ. ತಯಾರಕರಲ್ಲಿ ನನ್ನದೊಂದು ಕೋರಿಕೆಯಿದೆ: ಟ್ಯೂಬಿನ ಅಳತೆ ತಲೆಗೂದಲಿಗೆ ತಕ್ಕದ್ದು, ಬೆರೆಸಿದ್ದನ್ನು ಎತ್ತಿಡಲಾಗುವುದಿಲ್ಲ. ಗಡ್ಡಕ್ಕೆ ಸಾಕಾಗುವ ಸಣ್ಣ ಟ್ಯೂಬಿನಲ್ಲಿ ಬೂದಿ ಛಾಯೆಗಳನ್ನೂ ಕೊಟ್ಟರೆ ಬಹಳ ಅನುಕೂಲವಾಗುತ್ತದೆ.